ಜಂತಿ ಸಂದಿನ ಅಳತೆಗೆ ಗುಬ್ಬಿಗೂಡು: ಕೊಪ್ಪಳದ ನಮ್ಮ ಓಣಿಯ ಕೆಲಸದ ಟಿಪ್ಪಣಿ

ಐದಡಿ ಉದ್ದ, 15 ಸೆಂ.ಮೀ. ಅಗಲ, 2 ಸೆಂ.ಮೀ. ದಪ್ಪದ ಒಂದು ಹಲಗೆ ಇದ್ದರೆ ಒಂದು ಗುಬ್ಬಿಗೂಡು ಆಗುತ್ತದೆ. ಕೊಪ್ಪಳದ ನಮ್ಮ ಓಣಿಯ ಗೋಡೆಗಳ ಮೇಲೆ ಈಗಿರುವ ಮರದ ಗೂಡುಗಳೆಲ್ಲ ಇದೇ ಅಳತೆಯವು. ಬೇರೆ ಓಣಿಯವರು, ಗಂಗಾವತಿ, ಕುಷ್ಟಗಿ ಕಡೆಯ ಪರಿಚಯದವರು ಕೇಳಿದಾಗಲೆಲ್ಲ ಫೋನಿನಲ್ಲೇ ಬಿಡಿಬಿಡಿಯಾಗಿ ಹೇಳುತ್ತಿದ್ದೆ. ಒಂದೇ ಕಡೆ ಬರೆದಿಟ್ಟರೆ ನೇರ ಬಡಿಗೇರರ ಕೈಗೆ ಕೊಡಬಹುದು.

ಅಳತೆಗಿಂತ ಮೊದಲು ಆ ಅಳತೆ ಎಲ್ಲಿಂದ ಬಂತು ಎಂದು ಹೇಳಬೇಕು. ಗುಬ್ಬಿ ಬಯಲಲ್ಲಿ ಗೂಡು ಕಟ್ಟುವುದು ಅಪರೂಪ, ಅದಕ್ಕೆ ಸಂದು ಬೇಕು. ನಮ್ಮ ಕಡೆಯ ಮಾಳಿಗೆ ಮನೆಯಲ್ಲಿ ಕಲ್ಲು-ಮಣ್ಣಿನ ಗೋಡೆ, ಗೋಡೆಯ ಮೇಲೆ ತೊಲೆ, ತೊಲೆಯ ಮೇಲೆ ಜಂತಿ, ಅದರ ಮೇಲೆ ಸಣ್ಣ ಕಟ್ಟಿಗೆ, ಸೊಪ್ಪು, ಕಡೆಗೆ ಮಣ್ಣು. ಜಂತಿಯ ತುದಿ ಗೋಡೆಯಲ್ಲಿ ಕೂರುವ ಜಾಗದಲ್ಲಿ ಅಕ್ಕಪಕ್ಕ ಒಂದು ಮುಷ್ಟಿ ಸಂದು ಉಳಿದೇ ಉಳಿಯುತ್ತಿತ್ತು. ಗೋಡೆ ಒಂದೂವರೆ-ಎರಡು ಅಡಿ ದಪ್ಪ, ಆದ್ದರಿಂದ ಬೇಸಿಗೆಯಲ್ಲೂ ಆ ಸಂದು ತಣ್ಣಗೇ ಇರುತ್ತಿತ್ತು. ಬಾಯಿ ಕಿರಿದಾದ್ದರಿಂದ ಕಾಗೆಗೆ ಒಳಗೆ ನುಗ್ಗಲಾಗುತ್ತಿರಲಿಲ್ಲ. ಮಾಳಿಗೆ ಕೆಡವಿ ಆರ್‌ಸಿಸಿ ಹಾಕಿದ ಮೇಲೆ ಗೋಡೆ, ಸ್ಲ್ಯಾಬ್ ಎರಡೂ ನುಣುಪಾದವು. ಒಂದೊಂದಾಗಿ ಮನೆಗಳು ಬದಲಾದಂತೆ ಓಣಿಯಲ್ಲಿ ಗುಬ್ಬಿಯ ಸದ್ದೂ ಕಡಿಮೆಯಾಗುತ್ತ ಬಂತು. ಕೊನೆಗೆ ಕಿರಾಣಿ ಅಂಗಡಿಯ ಮುಂದೆ ನಾಲ್ಕಾರು ಮಾತ್ರ ಕಾಣುತ್ತಿದ್ದವು. ಅವೂ ಗೂಡು ಕಟ್ಟುತ್ತಿದ್ದದ್ದು ಅಂಗಡಿಯ ಬೋರ್ಡಿನ ಹಿಂದೆ, ಟ್ಯೂಬ್‌ಲೈಟಿನ ಪಟ್ಟಿಯ ಮೇಲೆ.

ಮೊಬೈಲ್ ಟವರ್‌ನಿಂದ ಗುಬ್ಬಿ ಹೋದವು ಎಂದು ಈಗಲೂ ಬಹಳ ಜನ ಹೇಳುತ್ತಾರೆ. ಅದಕ್ಕೆ ಗಟ್ಟಿ ಪುರಾವೆ ಸಿಕ್ಕಿಲ್ಲ. ದೇಶದ ಪಕ್ಷಿವೀಕ್ಷಕರು ದಾಖಲಿಸಿದ ಮಾಹಿತಿ ಸೇರಿಸಿ 2020ರಲ್ಲಿ ಬಂದ ‘ಸ್ಟೇಟ್ ಆಫ್ ಇಂಡಿಯಾಸ್ ಬರ್ಡ್ಸ್’ ವರದಿಯ ಪ್ರಕಾರ ಒಟ್ಟು ದೇಶದಲ್ಲಿ ಗುಬ್ಬಿಯ ಸಂಖ್ಯೆ ಹೆಚ್ಚುಕಡಿಮೆ ಸ್ಥಿರವಾಗಿದೆ. ಬೆಂಗಳೂರು, ಚೆನ್ನೈ, ಮುಂಬೈಯಂಥ ಮಹಾನಗರಗಳಲ್ಲಿ ಇಳಿದಿದೆ. ನನಗೆ ಇದು ಧೈರ್ಯದ ಮಾತು. ನಮ್ಮ ಓಣಿಯಲ್ಲಿ ಕಡಿಮೆಯಾಗಿದ್ದರೂ ಅರ್ಧ ಹರದಾರಿ ಆಚೆ ಹಳ್ಳಿಗಳಲ್ಲಿ ಗುಬ್ಬಿ ಇನ್ನೂ ಇದೆ, ಜಾಗ ಕೊಟ್ಟರೆ ಬರುತ್ತದೆ. ಸಿರುಗುಪ್ಪ ಕಡೆಯ ಎರೆಭೂತದ (ಗ್ರೇಟ್ ಇಂಡಿಯನ್ ಬಸ್ಟರ್ಡ್) ಕಥೆ ಬೇರೆ. ಬೆರಳೆಣಿಕೆಗೆ ಇಳಿದ ಆ ದೊಡ್ಡ ಹಕ್ಕಿಗೆ ಹುಲ್ಲುಗಾವಲೇ ಬೇಕು, ಸರ್ಕಾರವೇ ನಿಲ್ಲಬೇಕು. ಗುಬ್ಬಿಗೆ ಒಂದು ಓಣಿಯ ಜನ ಮನಸ್ಸು ಮಾಡಿದರೂ ಬಹಳಷ್ಟು ಆಗುತ್ತದೆ.

ಈಗ ಹಲಗೆ. ಅಡ್ಡಲಾಗಿ ಹೀಗೆ ಕತ್ತರಿಸಿ: 22 ಸೆಂ.ಮೀ.ಯ ನಾಲ್ಕು ತುಂಡು, 32ರದ್ದು ಒಂದು, 15ರದ್ದು ಒಂದು. ನಾಲ್ಕರಲ್ಲಿ ಒಂದು ಮುಂಭಾಗ, ಎರಡು ಬದಿ, ಒಂದು ಮಾಡು, ಅಂದರೆ ಮೇಲಿನ ಮುಚ್ಚಳ. 32ರದ್ದು ಹಿಂಭಾಗ, ಮೇಲೆ ಐದು, ಕೆಳಗೆ ಐದು ಸೆಂ.ಮೀ. ಚಾಚಿಕೊಂಡರೆ ಗೋಡೆಗೆ ಸ್ಕ್ರೂ ಹಾಕಲು ಜಾಗ ಸಿಗುತ್ತದೆ. 15ರ ತುಂಡಿನ ಅಗಲವನ್ನು 11ಕ್ಕೆ ಇಳಿಸಿ ತಳ ಮಾಡಬೇಕು. ಬದಿಯ ಎರಡು ಹಲಗೆ ಮುಂದಿನ ಮತ್ತು ಹಿಂದಿನ ಹಲಗೆಗಳ ನಡುವೆ ಕೂರುತ್ತವೆ, ತಳ ಬದಿಗಳ ನಡುವೆ ಕೂರುತ್ತದೆ. ಒಳಗೆ 15ಕ್ಕೆ 11ರ ಜಾಗ, 20 ಎತ್ತರ ಸಿಗುತ್ತದೆ. ಒಂದು ಜೋಡಿಗೂ ಮೂರರಿಂದ ಐದು ಮರಿಗಳಿಗೂ ಅಷ್ಟು ಸಾಕು. ಇನ್ನೂ ದೊಡ್ಡದು ಮಾಡಿದರೆ ಗುಬ್ಬಿ ಆ ಜಾಗವನ್ನೆಲ್ಲ ಹುಲ್ಲಿನಿಂದ ತುಂಬಲು ಹೆಣಗುತ್ತದೆ.

ಬದಿಯ ಹಲಗೆ ಎರಡನ್ನೂ ಮೇಲ್ತುದಿಯಲ್ಲಿ ಅರ್ಧ ಸೆಂ.ಮೀ. ಗಿಡ್ಡ ಮಾಡಿ. ಮಾಡು ಕೂರಿಸಿದಾಗ ಉಳಿಯುವ ಆ ಸಂದಿನಿಂದ ಬಿಸಿಗಾಳಿ ಹೊರಗೆ ಹೋಗುತ್ತದೆ. ತಳದ ನಾಲ್ಕು ಮೂಲೆಯಲ್ಲಿ 6 ಮಿ.ಮೀ. ತೂತು ಇರಲಿ. ಮಾಡನ್ನು ಹಿಂದಿನ ಹಲಗೆಗೆ ಎರಡು ಸಣ್ಣ ಬಿಜಾಗರಿಯಿಂದ ಕೂಡಿಸಿ, ಮುಂದೆ ಒಂದು ಕೊಂಡಿ ಹಾಕಿದರೆ ವರ್ಷಕ್ಕೊಮ್ಮೆ ತೆಗೆದು ಸ್ವಚ್ಛ ಮಾಡಬಹುದು. ಮಾಡು ಮುಂದಕ್ಕೆ ಐದು ಸೆಂ.ಮೀ. ಚಾಚಿರಬೇಕು. ಮಳೆಗೆ ಅಷ್ಟು ಸಾಕು, ಮೇಲೆ ಕೈ ಹಾಕಿ ತೂತಿನೊಳಗೆ ತಡಕುವ ಬೆಕ್ಕಿಗೂ ಅದು ತೊಡಕಾಗುತ್ತದೆ.

ಎಲ್ಲಕ್ಕಿಂತ ಮುಖ್ಯ ತೂತು. ಮುಂದಿನ ಹಲಗೆಯ ಮೇಲಂಚಿನಿಂದ ಐದೂವರೆ ಸೆಂ.ಮೀ. ಕೆಳಗೆ ನಡುಗುರುತು ಹಾಕಿ 32 ಮಿ.ಮೀ. ಹೋಲ್ ಸಾ ಬಿಟ್‌ನಿಂದ ಕೊರೆಯಬೇಕು. ಮೊದಲ ಪೆಟ್ಟಿಗೆ ಮಾಡುವಾಗ ನಮ್ಮ ಬಡಿಗೇರ ಕಾಕಾ ಹಲಗೆ ಎತ್ತಿ ಹಿಡಿದು, “ಇಷ್ಟ ತೂತಿನ್ಯಾಗ ಗುಬ್ಬಿ ಹೆಂಗ ಹೊಕ್ಕತೈತ್ರೀ ಮಾಸ್ತರ? ಇನ್ನ ಒಂದ್ ಬಟ್ಟ ದೊಡ್ಡದ ಮಾಡೂಣ” ಅಂದರು. ನಾನು ಕಿಸೆಯಿಂದ ಹತ್ತು ರೂಪಾಯಿ ನಾಣ್ಯ ತೆಗೆದು ಗುರುತಿನ ಮೇಲಿಟ್ಟೆ. ನಾಣ್ಯ 27 ಮಿ.ಮೀ., ಸುತ್ತ ಬರೀ ಒಂದು ಗೆರೆಯಷ್ಟು ಅಂತರ. “ಕಾಕಾ, ಒಂದ್ ಬಟ್ಟ ದೊಡ್ಡದಾದ್ರ ಗೊರವಂಕ ಬಂದ್ ಕುಂದ್ರತೈತಿ” ಅಂದೆ. ಹಿಂದೆ ಯಾರೋ ನಮ್ಮ ಓಣಿಗೆ ಹಂಚಿಹೋಗಿದ್ದ ಪ್ಲೈವುಡ್ ಪೆಟ್ಟಿಗೆಗಳಲ್ಲಿ ಆದದ್ದು ಅದೇ. ತೂತು ಎರಡಿಂಚು. ಕೆಲವಕ್ಕೆ ಗೊರವಂಕ ಬಂತು, ಕೆಲವಕ್ಕೆ ಅಳಿಲು. ಗುಬ್ಬಿ ತಂತಿಯ ಮೇಲೆ ಕುಳಿತು ನೋಡಿ ಹೋಗುತ್ತಿತ್ತು. ಆ ಪೆಟ್ಟಿಗೆಗಳ ತೂತಿನ ಕೆಳಗೆ ಕೂರಲು ಒಂದು ಕೋಲೂ ಇತ್ತು. ಗುಬ್ಬಿಗೆ ಕೋಲು ಬೇಕಿಲ್ಲ, ಅದು ನೇರ ತೂತಿನ ಅಂಚಿಗೇ ಹಾರಿ ಹಿಡಿಯುತ್ತದೆ. ಕೋಲಿನಿಂದ ಅನುಕೂಲವಾಗುವುದು ಕಾಗೆಗೆ, ಕುಳಿತು ಮರಿ ಎಳೆಯಲು.

ತೂತಿನ ಕೆಳಗಂಚಿನಿಂದ ತಳಕ್ಕೆ ಒಳಗೆ 13 ಸೆಂ.ಮೀ. ಆಳ ಇರಬೇಕು. ಹೊರಗಿನಿಂದ ಚಾಚಿದ ಪಂಜ ಮರಿಗೆ ತಲುಪಬಾರದು ಎಂಬುದೇ ಈ ಲೆಕ್ಕ. ಆದರೆ ಅಷ್ಟು ಆಳದಿಂದ ಮರಿ ಹತ್ತಿ ಬರಬೇಕಲ್ಲ? ಅದಕ್ಕೆ ಮುಂದಿನ ಹಲಗೆಯ ಒಳಮೈಗೆ ರಂಧಾ ಹೊಡೆದು ನುಣುಪು ಮಾಡಬೇಡಿ, ಗರಗಸದಿಂದ ಅಡ್ಡಡ್ಡ ಗೀರು ಹಾಕಿ. ಮರಿ ಉಗುರು ಊರಿ ಹತ್ತುತ್ತದೆ. ಒಳಗೆ ಬಣ್ಣ, ವಾರ್ನಿಶ್ ಏನೂ ಬೇಡ. ಹೊರಗೆ ಬೇಕೆಂದವರು ಸುಣ್ಣ ಹಚ್ಚಿದರು, ಬಿಸಿಲಿಗೆ ಅದೇ ಒಳ್ಳೆಯದು.

ತೂತಿನ ಸುತ್ತ ತಗಡು ಹೊಡೆದದ್ದು ಅಳಿಲಿಗಾಗಿ. ಅಳಿಲು ಅಂಚು ಕಡಿದು ಕಡಿದು ತೂತು ಅಗಲಿಸಿಕೊಂಡು ಒಳಗೆ ಹೋಗುತ್ತದೆ, ಮೊಟ್ಟೆಯನ್ನೂ ಬಿಡುವುದಿಲ್ಲ. ಎಣ್ಣೆ ಡಬ್ಬಿಯ ತಗಡನ್ನು ಅಂಗೈಯಗಲ ಕತ್ತರಿಸಿ, ಅದೇ ಬಿಟ್‌ನಿಂದ ತೂತು ಮಾಡಿ, ಅಂಚನ್ನು ಅರದಿಂದ ಉಜ್ಜಿ ಬೆರಳಾಡಿಸಿ ನೋಡಿ. ನಿಮ್ಮ ಬೆರಳಿಗೆ ಒರಟು ಅನ್ನಿಸಿದರೆ ದಿನಕ್ಕೆ ನೂರಾರು ಸಲ ಒಳಹೊರಗೆ ಓಡಾಡುವ ತಾಯಿಹಕ್ಕಿಯ ಎದೆಗೆ ಅದು ಚಾಕುವೇ. ಈ ಉಜ್ಜುವ ಕೆಲಸ ಓಣಿಯ ಹುಡುಗರದು. ಒಬ್ಬ ಹುಡುಗಿ ಪ್ರತಿ ತಗಡಿನ ಅಂಚಿಗೂ ಹತ್ತಿ ಎಳೆದು ನೋಡುತ್ತಿದ್ದಳು. ಎಳೆ ಸಿಕ್ಕಿಕೊಂಡರೆ ಮತ್ತೆ ಅರಕ್ಕೆ. ಈಗ ಎಲ್ಲರೂ ಹಾಗೇ ಪರೀಕ್ಷೆ ಮಾಡುತ್ತಾರೆ.

ಮರ ಯಾವುದು? ಹಸಿ ಬೇವು ಬೇಡ, ನಮ್ಮ ಬಿಸಿಲಿಗೆ ತಿರುಚಿಕೊಂಡು ಮೂಲೆ ಬಿಡುತ್ತದೆ. ಪ್ಯಾಕಿಂಗ್ ಹಲಗೆ ಅಗ್ಗ, ಆದರೆ ತೆಳುವು. ಎರಡು ಮಳೆಗಾಲ ತಡೆಯುವುದು ಕಷ್ಟ, ಬಿಸಿಲು ಬೇಗ ಒಳಗಿಳಿಯುತ್ತದೆ. ನಮಗೆ ಒದಗಿದ್ದು ಕೆಡವಿದ ಮಾಳಿಗೆಗಳ ಜಂತಿ, ಹಳೆ ಬಾಗಿಲ ಚೌಕಟ್ಟು. ಎಷ್ಟೋ ವರ್ಷ ಒಣಗಿದ ಬೇವು, ಇನ್ನು ಅಲುಗುವುದಿಲ್ಲ. ಸಾಮಿಲ್‌ನಲ್ಲಿ ಸೀಳಿಸುವ ಮೊದಲು ಹಳೆ ಮೊಳೆಗಳನ್ನೆಲ್ಲ ಕಿತ್ತು ಕೊಡಬೇಕು, ಇಲ್ಲದಿದ್ದರೆ ಅವರು ಹಲಗೆ ಮುಟ್ಟುವುದಿಲ್ಲ. ಹುಳು ತಿಂದ ಜಾಗ, ಕೂಡಿನ ಸಂದುಗಳಿಗೆ ಹುಣಸೆಬೀಜದ ಅಂಟಿನಲ್ಲಿ ಮರದ ಹೊಟ್ಟು ಕಲಸಿ ತುಂಬಿದೆವು. ಕಿನ್ನಾಳದ ಆಟಿಗೆ ಮಾಡುವವರು ಹುಣಸೆಬೀಜದ ಅಂಟು ಬಳಸುವುದನ್ನು ನೋಡಿದ್ದ ಕಾಕಾ ಹೇಳಿಕೊಟ್ಟದ್ದು. ಕಿಟಕಿಯ ಮೇಲೆ ಚಾಚಿದ ಸಜ್ಜಾದ ಕೆಳಗೆ, ನೀರು ತಾಗದ ಕಡೆ ಗಟ್ಟಿಯಾಗಿ ನಿಂತಿದೆ. ಮಳೆ ಬಡಿಯುವ ಗೋಡೆಗೆ ಇದು ಸಾಲದು, ಅಲ್ಲಿ ಸ್ಕ್ರೂ ಬಿಗಿದು ಕೂಡಿಸುವುದೇ ಸರಿ.

ಮಡಿಕೆಯ ಗೂಡು ಇನ್ನೊಂದು ಬಗೆ. ಕುಂಬಾರರ ಹತ್ತಿರ ಹೇಳಿ ಮಾಡಿಸಿದ್ದು. ಒಂದೂವರೆ-ಎರಡು ಲೀಟರ್ ಹಿಡಿಯುವ ಗಡಿಗೆ, ಹೊಟ್ಟೆಯಲ್ಲಿ ತೂತು. ಇಲ್ಲಿ ಒಂದು ಸೂಕ್ಷ್ಮ ಇದೆ. ಮಣ್ಣು ಒಣಗುವಾಗ, ಸುಡುವಾಗ ಸುಮಾರು ಹತ್ತನೇ ಒಂದು ಪಾಲು ಕುಗ್ಗುತ್ತದೆ. ಸುಟ್ಟ ಮೇಲೆ 32 ಸಿಗಬೇಕಾದರೆ ಹಸಿಯಲ್ಲಿ 35-36 ಕೊರೆಯಬೇಕು. ಗಡಿಗೆ ಅರ್ಧ ಆರಿ, ಒತ್ತಿದರೆ ಬೆರಳಚ್ಚು ಮೂಡಿಯೂ ಮೂಡದ ಹದದಲ್ಲಿ ಕೊರೆದರೆ ಅಂಚು ಹರಿಯುವುದಿಲ್ಲ. ನಾವು 36 ಮಿ.ಮೀ. ಪಿವಿಸಿ ಪೈಪಿನ ತುಂಡು ಕೊಟ್ಟಿದ್ದೆವು. ಕುಂಬಾರ ಅಣ್ಣ ಅದನ್ನು ನೀರಲ್ಲಿ ಅದ್ದಿ, ಗಡಿಗೆಯ ಮೈಗೆ ಇಟ್ಟು, ಒತ್ತದೆ ನಿಧಾನ ತಿರುಗಿಸಿದರು. ಮಣ್ಣಿನ ಬಿಲ್ಲೆ ಪೈಪಿನೊಳಗೇ ಉಳಿದು ಹೊರಬಂತು, ಅಂಚಿಗೆ ಒದ್ದೆ ಬಟ್ಟೆ ಸವರಿ ಮುಗಿಸಿದರು. ಗಡಿಗೆಯ ಬಾಯಿಗೆ ಮರದ ಬಿಲ್ಲೆ ಮುಚ್ಚಿ, ಬಾಯಿ ಗೋಡೆಯ ಕಡೆ ಬರುವಂತೆ ಅಡ್ಡ ಮಲಗಿಸಿ ಪಟ್ಟಿ ಬಿಗಿಯುವುದು. ಹೀಗೆ ಮಲಗಿಸಿದಾಗ ತೂತು ಮುಂದಕ್ಕೆ, ಮೇಲ್ಭಾಗದಲ್ಲಿ ಬರುವಂತೆ ಮೊದಲೇ ಗುರುತು ಹಾಕಿಕೊಳ್ಳಬೇಕು, ಕೆಳಗಾಗುವ ಬದಿಗೂ ಒಂದೆರಡು ಸಣ್ಣ ತೂತು ಬೇಕು. ಸ್ವಚ್ಛ ಮಾಡಲು ಪಟ್ಟಿ ಬಿಚ್ಚಿ ಬಿಲ್ಲೆ ತೆಗೆದರಾಯಿತು. ನನ್ನ ಮಟ್ಟಿಗೆ ಏಪ್ರಿಲ್-ಮೇ ತಿಂಗಳಿಗೆ ಹಲಗೆಗಿಂತ ಮಡಿಕೆಯೇ ಮೇಲು. ಆದರೆ ಗಾಳಿಗೆ ಅಲುಗಾಡುವಂತೆ ಹಗ್ಗಕ್ಕೆ ತೂಗುಬಿಟ್ಟರೆ ಗುಬ್ಬಿ ಹತ್ತಿರ ಬರುವುದಿಲ್ಲ. ಮರದ್ದಾಗಲಿ ಮಣ್ಣಿನದ್ದಾಗಲಿ, ಗೋಡೆಗೆ ಕಚ್ಚಿ ನಿಂತಿರಬೇಕು.

ಇನ್ನು ಜಾಗ. ಚೆಂದದ ಪೆಟ್ಟಿಗೆ ತಂದು ತಪ್ಪು ಗೋಡೆಗೆ ಹಾಕಿದರೆ ಇಲ್ಲಿ ಅದು ಮರಿಗಳಿಗೆ ಒಲೆಯೇ ಆಗುತ್ತದೆ. ಕೊಪ್ಪಳದ ಬೇಸಿಗೆ 40 ಡಿಗ್ರಿ ದಾಟುತ್ತದೆ. ಪಡುವಣ ಗೋಡೆ ಮಧ್ಯಾಹ್ನದಿಂದ ಸಂಜೆವರೆಗೂ ಕಾಯುತ್ತದೆ, ರಾತ್ರಿಯೂ ಬಿಸಿ ಬಿಡುವುದಿಲ್ಲ. ಹಾಗೆ ಕಾದ ಪೆಟ್ಟಿಗೆಯಲ್ಲಿ ರೆಕ್ಕೆ ಬಲಿಯದ ಮರಿಗಳು ತಡೆಯಲಾರದೆ ತೂತಿನಿಂದ ಹೊರಗೆ ಬೀಳುತ್ತವೆ. ಹಂಚಿಹೋದ ಪ್ಲೈವುಡ್ ಪೆಟ್ಟಿಗೆಗಳನ್ನು ಜನ ರಸ್ತೆಗೆ ಕಾಣಲಿ ಎಂದು ಪಡುವಣಕ್ಕೇ ಹಾಕಿದ್ದರು. ಒಂದು ಏಪ್ರಿಲ್ ಮಧ್ಯಾಹ್ನ ಖಾಲಿ ಪೆಟ್ಟಿಗೆಯ ಮುಚ್ಚಳ ತೆಗೆದು ಒಳಗೆ ಕೈ ಇಟ್ಟೆವು, ಯಾರ ಕೈಯೂ ನಿಲ್ಲಲಿಲ್ಲ. ಆ ಮೇಲೆ ಯಾರಿಗೂ ಹೆಚ್ಚು ವಿವರಿಸಬೇಕಾಗಲಿಲ್ಲ. ಬಡಗಣ ಗೋಡೆ ಎಲ್ಲಕ್ಕಿಂತ ಉತ್ತಮ, ಆಮೇಲೆ ಮೂಡಣ. ಕಿಟಕಿಯ ಸಜ್ಜಾದ ಅಡಿ, ನೆಲದಿಂದ ಎಂಟು-ಹತ್ತು ಅಡಿ ಎತ್ತರ, ಕೆಳಗೆ ಬೆಕ್ಕು ನೆಗೆಯಲು ಕಾಂಪೌಂಡ್ ಗೋಡೆ, ನೀರಿನ ಟಾಕಿ ಇರಬಾರದು. ಪಡಸಾಲೆಯೊಳಗೆ ಹಾಕುವವರಿಗೆ ಒಂದೇ ಮಾತು: ಆ ಕೋಣೆಯಲ್ಲಿ ಸೀಲಿಂಗ್ ಫ್ಯಾನ್ ತಿರುಗುತ್ತಿದ್ದರೆ ದಯವಿಟ್ಟು ಬೇಡ.

ಗುಬ್ಬಿಗೆ ನೆರೆಹೊರೆ ಬೇಕು. ಒಂಟಿ ಪೆಟ್ಟಿಗೆಗಿಂತ ಒಂದೇ ಗೋಡೆಗೆ ಎರಡು-ಮೂರು ಹಾಕಿದಲ್ಲಿ ಬೇಗ ಸೇರಿಕೊಂಡವು. ತೂತುಗಳು ಒಂದಕ್ಕೊಂದು ಅಂಟಿಕೊಂಡಂತೆ ಇದ್ದರೆ ಗಂಡುಗಳು ಕಚ್ಚಾಡುತ್ತವೆ, ನಡುವೆ ಒಂದೆರಡು ಮಾರು ಬಿಡಿ.

ಹಾಕುವ ಕಾಲ ಜನವರಿ. ಗವಿಮಠದ ಜಾತ್ರೆ ಮುಗಿದ ವಾರವೇ ನಾವು ಏಣಿ, ಡ್ರಿಲ್ ಹಿಡಿದು ಮನೆಮನೆಗೆ ಹೋಗುತ್ತೇವೆ. ಮಾರ್ಚ್ 20 ವಿಶ್ವ ಗುಬ್ಬಚ್ಚಿ ದಿನ, 2010ರಿಂದ ನಡೆದುಬಂದಿದೆ. ಪೆಟ್ಟಿಗೆ ಹಂಚುವ ಕಾರ್ಯಕ್ರಮಗಳೆಲ್ಲ ಅಂದೇ ಆಗುತ್ತವೆ. ಆದರೆ ಅಷ್ಟರಲ್ಲಿ ನಮ್ಮ ಕಡೆ ಗುಬ್ಬಿಗಳು ಜಾಗ ಹಿಡಿದು ಹುಲ್ಲು ಸಾಗಿಸುತ್ತಿರುತ್ತವೆ. ಆ ದಿನ ಹಾಕಿದ ಗೂಡು ಮುಂದಿನ ಸರದಿಗೆ ಒದಗಬಹುದು, ಮೊದಲ ಸರದಿಗೆ ತಡ.

ಗಂಡು ಮೊದಲು ಬರುತ್ತದೆ. ಕೊರಳಿಗೆ ಕಪ್ಪು ಪಟ್ಟಿ, ನೆತ್ತಿ ಬೂದು. ತೂತಿನ ಬಾಯಿಗೆ ಕುಳಿತು ಬೆಳಗಿನಿಂದ ಒಂದೇ ಸಮ ಚಿಲಿಪಿಲಿಗುಟ್ಟಿ ಹೆಣ್ಣನ್ನು ಕರೆಯುತ್ತದೆ. ಹೆಣ್ಣು ಒಳಗೆ ಹೋಗಿ ನೋಡಿ ಒಪ್ಪಿದ ಮೇಲೆ ಕೆಲಸ ಶುರು. ನಮ್ಮ ಎರೆ ಸೀಮೆಯಲ್ಲಿ ಹತ್ತಿಗೇನು ಕೊರತೆ, ಗೂಡಿನ ಒಳಗೆಲ್ಲ ಹತ್ತಿಯೇ. ಮೊಟ್ಟೆಗೆ ಸುಮಾರು 11ರಿಂದ 14 ದಿನ ಕಾವು, ಹೊರಬಂದ ಮರಿ ಹಾರಲು ಮತ್ತೆರಡು ವಾರ. ಈ ಹೊತ್ತಲ್ಲಿ ಯಾರೂ ಮುಚ್ಚಳ ತೆಗೆಯಬಾರದೆಂದು ಓಣಿಯಲ್ಲಿ ಕಟ್ಟುನಿಟ್ಟು. ಮಕ್ಕಳು ಎದುರುಕಟ್ಟೆಯ ಮೇಲೆ ಕುಳಿತು ನೋಟ್‌ಬುಕ್ಕಿನಲ್ಲಿ ಬರೆಯುತ್ತಾರೆ: ಬಾಯಲ್ಲಿ ಹುಲ್ಲು ಇತ್ತೋ, ಹುಳ ಇತ್ತೋ, ಹಿಕ್ಕೆಯ ಬಿಳಿ ಚೀಲ ಹೊರಗೆ ಒಯ್ದಿತೋ. ಹುಳ ಕಂಡಿತೆಂದರೆ ಮರಿ ಹೊರಬಂದಿದೆ ಎಂದರ್ಥ.

ಆ ಹುಳದ ಮಾತು ಬಹಳ ದೊಡ್ಡದು. ದೊಡ್ಡ ಗುಬ್ಬಿ ಕಾಳು ತಿಂದು ಬದುಕುತ್ತದೆ, ಮೊದಲ ದಿನಗಳ ಮರಿಗೆ ಮೆತ್ತನೆ ಹುಳವೇ ಬೇಕು. ನಾವು ಸಜ್ಜೆ, ನವಣೆ, ಜೋಳದ ನುಚ್ಚು ಎಷ್ಟು ಚೆಲ್ಲಿದರೂ ಹುಳ ಇಲ್ಲದ ಓಣಿಯಲ್ಲಿ ಮರಿ ಬದುಕುವುದಿಲ್ಲ. ಅದಕ್ಕೆ ಗೂಡು ಪಡೆದ ಪ್ರತಿ ಮನೆಯವರಿಗೂ ಒಂದು ಬಳ್ಳಿಯ ಷರತ್ತು: ಹಾಗಲ, ಹೀರೆ, ಅವರೆ, ಯಾವುದಾದರೂ ಒಂದು, ಔಷಧಿ ಹೊಡೆಯದೆ. ಅವರೆಬಳ್ಳಿಗೆ ಹೇನು ಕಟ್ಟಿದಾಗ ಮೂಲೆಮನೆಯ ಅಕ್ಕ ಸಿಟ್ಟಾಗಿ ಔಷಧಿ ತರಿಸಿದ್ದರು. ಅವರ ಅತ್ತೆ ಬಾಟಲಿ ಕಸಿದು, “ಅವ್ಕ ಉಣ್ಣಾಕ ಬಿಡವಾ, ನಾವು ಸಂತಿಂದ ತಂದ್ರಾತು” ಅಂದರಂತೆ. ಅದೇ ಬಳ್ಳಿಗೆ ಬೆಳಗಿನ ಹೊತ್ತು ಗುಬ್ಬಿ ಬಂದು ಹೇನು ಹೆಕ್ಕುವುದನ್ನು ಆಮೇಲೆ ಅಕ್ಕನೇ ನನ್ನನ್ನು ಕರೆದು ತೋರಿಸಿದರು. ಗೋರಂಟಿ ಗಿಡದ ಬೇಲಿ ಇದ್ದರೆ ಇನ್ನೂ ಒಳ್ಳೆಯದು, ಬಿಜ್ಜು (ಸಣ್ಣ ಗಿಡುಗ) ಎರಗಿದಾಗ ನುಗ್ಗಲು ಅದೇ ಗುಬ್ಬಿಯ ಕೋಟೆ. ಸಿಮೆಂಟ್ ರಸ್ತೆಯಾದ ಮೇಲೆ ಮಣ್ಣುಸ್ನಾನಕ್ಕೂ ಜಾಗವಿಲ್ಲ. ಹಳೆ ಬುಟ್ಟಿಯಲ್ಲಿ ಜರಡಿ ಹಿಡಿದ ಒಣಮಣ್ಣು ತುಂಬಿ ಮಾಳಿಗೆ ಮೇಲಿಟ್ಟರೆ ಸಾಕು. ನೀರಿನ ತಟ್ಟೆ ಎರಡು ಬೆರಳು ಆಳ, ದಿನಾ ಚೆಲ್ಲಿ ತೊಳೆದು ತುಂಬಬೇಕು.

ದಾರದ ವಿಷಯ ಹೇಳಲೇಬೇಕು. ಪ್ಲಾಸ್ಟಿಕ್ ಚೀಲದ ಎಳೆ, ಗಾಳಿಪಟದ ಮಾಂಜಾ ಇವನ್ನೂ ಗುಬ್ಬಿ ಹುಲ್ಲೆಂದು ಒಯ್ಯುತ್ತದೆ. ಮರಿಯ ಕಾಲಿಗೆ ಸುತ್ತಿ, ಮರಿ ಬೆಳೆದಂತೆ ಎಳೆ ಬಿಗಿಯುತ್ತ ಹೋಗುತ್ತದೆ; ಎಲ್ಲ ಹಾರಿಹೋದ ಮೇಲೂ ಒಂದು ಗೂಡಿಗೇ ಕಟ್ಟಿಬಿದ್ದು ಸತ್ತಿರುತ್ತದೆ. ಡಿಸೆಂಬರಿನಲ್ಲಿ ಗೂಡು ತೆಗೆದು ತೊಳೆಯುವಾಗ ಅಂಥದ್ದನ್ನು ಕಂಡ ಮಕ್ಕಳು ಆ ದಿನ ಊಟ ಸರಿಯಾಗಿ ಮಾಡಲಿಲ್ಲ. ಮರುದಿನದಿಂದ ದಾರ ಆಯುವ ಕೆಲಸವನ್ನು ಅವರೇ ಹಚ್ಚಿಕೊಂಡರು. ತೊಳೆಯುವುದಕ್ಕೆ ಕುದಿಯುವ ನೀರು ಸಾಕು, ಹುಳದ ಔಷಧಿ ಬೇಡ. ತೆಗೆಯುವ ಮೊದಲು ಒಳಗೆ ಮೊಟ್ಟೆಮರಿ ಇಲ್ಲವೆಂದು ನೋಡಿಕೊಳ್ಳಿ. ಮಳೆಗಾಲದ ನಂತರವೂ ಕೆಲವು ಜೋಡಿ ಗೂಡಿಗೆ ಕೂರುತ್ತವೆ.

ಕುಂಬಾರ ಅಣ್ಣನ ಒಂದು ಗಡಿಗೆಗೆ ತೂತು ದೊಡ್ಡದಾಗಿತ್ತು. ಅದನ್ನು ಶಾಲೆಯ ಬೇವಿನ ಮರದ ಕವಲಿಗೆ ಬಿಗಿದೆವು, ಮಡಿವಾಳ ಹಕ್ಕಿ ಬಂದು ಸೇರಿತು. ನಸುಕಿನಲ್ಲಿ ಅದರ ಸಿಳ್ಳೆ ಕೇಳುವುದಕ್ಕೆಂದೇ ಈಗ ಇಬ್ಬರು ಹಿರಿಯರು ವಾಕಿಂಗ್ ಆ ಕಡೆ ತಿರುಗಿಸಿದ್ದಾರೆ. ಮುಂದಿನ ಸಲ 45-50 ಮಿ.ಮೀ. ತೂತಿನ ಕೆಲವನ್ನು ಬೇಕೆಂದೇ ಮಾಡಿಸುತ್ತೇವೆ, ಮನೆಗೋಡೆಗಲ್ಲ, ಮರಗಳಿಗೆ.

ಈಗ ನಮಗಿರುವ ದೊಡ್ಡ ಕೆಲಸ ಬೇರೆ. ಜನ ಹಳೆ ಮನೆ ಕೆಡವುವುದು ಮಳೆಗೆ ಮುಂಚೆ, ಫೆಬ್ರುವರಿಯಿಂದ ಮೇ ನಡುವೆ. ಗುಬ್ಬಿ ಜಂತಿ ಸಂದಿನಲ್ಲಿ ಮರಿ ಮಾಡುವುದೂ ಅದೇ ಕಾಲಕ್ಕೆ. ಹಿಂದಿನ ಓಣಿಯಲ್ಲಿ ಒಂದು ಮಾಳಿಗೆ ಕೆಡವುವ ಸುದ್ದಿ ತಿಳಿದಾಗ ಹೋಗಿ ಮಾತಾಡಿದೆವು. ಮನೆಯವರು ಒಳ್ಳೆಯವರು. ಪಡಸಾಲೆಯ ಕಡೆಯ ಜಂತಿಗಳಲ್ಲಿ ಮರಿ ಇದ್ದವೆಂದು ಆ ಭಾಗ ಬಿಟ್ಟು ಅಡುಗೆಮನೆಯಿಂದ ಕೆಡವಲು ಶುರು ಮಾಡಿಸಿದರು. ಅಷ್ಟರಲ್ಲಿ ಎದುರುಮನೆಯ ಬಡಗಣ ಗೋಡೆಗೆ ನಾಲ್ಕು ಪೆಟ್ಟಿಗೆ ಹಾಕಿದೆವು. ಮರಿಗಳು ಹಾರಿದ ಮೇಲೆ ಪಡಸಾಲೆ ಇಳಿಸಿದರು, ಮುಂದಿನ ಸರದಿಗೆ ಆ ಪೆಟ್ಟಿಗೆಗಳಲ್ಲಿ ಹುಲ್ಲು ಕಾಣಿಸಿತು. ಹೊಸ ಮನೆಗೆ ಈಗ ಲಿಂಟಲ್ ಮಟ್ಟ ಬಂದಿದೆ. ಸಜ್ಜಾದ ಕೆಳಗೆ ಗೋಡೆಯಲ್ಲೇ ಮೂರು ಕಡೆ ಒಳಗೂಡು ಬಿಟ್ಟು, ಮುಂದೆ 32 ಮಿ.ಮೀ. ತೂತಿನ ಹಲಗೆ ಕೂರಿಸಲು ಗೌಂಡಿಯವರಿಗೆ ಹೇಳಿದ್ದಾರೆ. ಸ್ಲ್ಯಾಬ್ ಹಾಕುವ ಮುನ್ನ ಅಳತೆಯ ಹಲಗೆ ಒಯ್ದು ಕೊಡಬೇಕು. ಕೆಡವಿದ ಜಂತಿಗಳು ಬಡಿಗೇರ ಕಾಕಾನ ಅಂಗಳದಲ್ಲಿ ಒಟ್ಟಿವೆ, ಈ ಭಾನುವಾರ ಮೊಳೆ ಕೀಳುವ ಕೆಲಸ ಇದೆ.